ಕುರಿ ಮಲಗಿದ ಗುರುತು

ನನ್ನ ಮೊಮ್ಮಗಳು ಬೀದರದಲ್ಲಿ ದನಕರುಗಳ ಡಾಕ್ಟರಿಕೆ ಕಲಿತು, ಅದರ ಮೇಲೆ ಇನ್ನೂ ಎರಡು ವರ್ಷ ಓದಿ, ನಾಲ್ಕು ರಟ್ಟಿನ ಡಬ್ಬಿ ಪುಸ್ತಕ ಹೊತ್ತು ಘೋಡಗೇರಿಗೆ ಬಂದಳು. ಆ ಕಡೆಯ ಎರಡು ವರ್ಷ ಏನು ಓದಿದೆ ಎಂದು ಕೇಳಿದೆ.

“ಕುರಿ ಹೊಟ್ಟ್ಯಾಗಿನ ಹುಳದ ಮ್ಯಾಲೆ ಓದೇನಿ, ಆಯಿ.”

“ಹುಳ ನೋಡಾಕ ಎರಡ ವರ್ಸ ಬೇಕಾತೇನ?”

“ಹುಳ ಅಲ್ಲ, ಅದರ ತತ್ತಿ. ಹಿಕ್ಕ್ಯಾಗ ಇರ್ತಾವು. ದುರ್ಬೀನ ಹಚ್ಚಿ ಎಣಸ್ತಿದ್ವಿ.”

ಕುರಿಯ ಹಿಕ್ಕೆಯಲ್ಲಿ ತತ್ತಿ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ನನ್ನ ತವರು ಮೂಡಲಗಿ ಕಡೆಯ ಕುರಿಗಾರರ ಮನೆ. ಮದುವೆಯಾಗುವವರೆಗೆ ಕುರಿಗಳ ಹಿಂದೆಯೇ ತಿರುಗಿದವಳು ನಾನು. ಹಿಕ್ಕೆ ಬಳಿದಿದ್ದೇನೆ, ಬುಟ್ಟಿಯಲ್ಲಿ ಹೊತ್ತಿದ್ದೇನೆ, ಒಂದನ್ನೂ ಒಡೆದು ಒಳಗೇನಿದೆ ಎಂದು ನೋಡಿರಲಿಲ್ಲ. ತತ್ತಿ ಹೇಗಿರುತ್ತದೆ ಎಂದೆ. ಫೋನಿನಲ್ಲಿ ಚಿತ್ರ ತೋರಿಸಿದಳು. ಸೌತೆಕಾಯಿಯ ಬೀಜದ ಹಾಗಿತ್ತು. ಅಂಥವು ಒಂದು ಹಿಕ್ಕೆಯಲ್ಲಿ ಎಷ್ಟು, ಎಷ್ಟಾದರೆ ಕುರಿಗೆ ಕೇಡು, ಎಂದು ಕೇಳುತ್ತಾ ಹೋದೆ. ಅವಳು ಹೇಳುತ್ತಾ ಹೋದಳು. ಅವಳ ಅವ್ವ ಊಟಕ್ಕೆ ಕೂತವರ ಎದುರು ಇಂಥ ಮಾತು ಬೇಡ ಎಂದಳು.

ಈ ಹುಡುಗಿ ಪುಸ್ತಕದಲ್ಲಿ ಅಷ್ಟು ಕುರಿ ನೋಡಿದ್ದರೂ ಹಿಂಡಿನ ಜೊತೆ ಒಂದು ದಿನವೂ ತಿರುಗಿದವಳಲ್ಲ. ನಾನು ಸೊಸೆಯಾಗಿ ಬಂದಾಗ ಘೋಡಗೇರಿಯ ಈ ಮನೆಯಲ್ಲಿ ನಲವತ್ತು ಕುರಿ ಇದ್ದವು. ಹೊಲಕ್ಕೆ ನೀರು ಬಂತು, ಕಬ್ಬು ಬಂತು, ಕುರಿ ಮೇಯುವ ಜಾಗ ಹೋಯಿತು, ಕುರಿಯೂ ಹೋದವು. ಇವಳು ಹುಟ್ಟುವ ಹೊತ್ತಿಗೆ ಎರಡು ಆಡು ಉಳಿದಿದ್ದವು ಅಷ್ಟೆ.

ಮೂಡಲಗಿಯಲ್ಲಿ ಕುರಿಗಾರರ ಸಲುವಾಗಿ ಕೆಲಸ ಮಾಡುವ ಒಂದು ಸಂಸ್ಥೆಯವರು ಇವಳನ್ನು ತೆಗೆದುಕೊಂಡರು. ಆರು ತಿಂಗಳು ನೋಡುತ್ತೇವೆ, ಸರಿ ಬಂದರೆ ಕಾಯಂ ಮಾಡುತ್ತೇವೆ ಎಂದರಂತೆ. ಗೋಕಾಕದಲ್ಲಿ ಒಂದು ಖೋಲಿ ಹಿಡಿದು ದಿನಾ ಬಸ್ಸಿಗೆ ಹೋಗಿಬರುತ್ತಿದ್ದಳು. ನಾಲ್ಕನೆಯ ತಿಂಗಳಲ್ಲಿ ಒಂದು ರವಿವಾರ ಊರಿಗೆ ಬಂದಾಗ ಮೋರೆ ಒಣಗಿತ್ತು. ನನ್ನ ಮಗ, “ಅವ್ವಾ, ನೀ ಒಂದ ತಿಂಗಳ ಹೋಗಿ ಅಕಿ ಕೂಡ ಇದ್ದ ಬಾ” ಎಂದ. ಹೋದೆ. ಅಡುಗೆ ಮಾಡಿ ಹಾಕುವುದು ನೆಪ. ಕಲಿತು ಬಂದವಳು ದಿನವಿಡೀ ಏನು ಮಾಡುತ್ತಾಳೆ ಎಂದು ನೋಡುವ ಆಸೆ ನನಗಿತ್ತು.

ನೋಡಿದೆ. ಬೀದರದಲ್ಲಿ ಅವಳಿಗೆ ಕಲಿಸುವ ಸರ್ ಒಬ್ಬರಿದ್ದರು. ಅವಳು ಬರೆದದ್ದನ್ನು ವಾರಕ್ಕೊಮ್ಮೆ ನೋಡಿ ಇದು ಸರಿ, ಇದು ತಪ್ಪು ಎಂದು ಗೆರೆ ಹೊಡೆದು ಕೊಡುತ್ತಿದ್ದರಂತೆ. ಇಲ್ಲಿ ಯಾರೂ ಕೇಳುವುದಿಲ್ಲ. ಆದರೂ ಇವಳು ದಿನಾ ಸಂಜೆ ಕೂತು, ಇಂದು ಯಾವ ಊರಿಗೆ ಹೋದೆ, ಏನು ಕೇಳಿದೆ, ಎಲ್ಲ ಬರೆಯುತ್ತಿದ್ದಳು. ಬರೆದು ಮುಚ್ಚಿಡುತ್ತಿದ್ದಳು.

“ಇದನ್ನ ಯಾರ ನೋಡ್ತಾರು?”

“ಯಾರೂ ನೋಡಂಗಿಲ್ಲ.”

“ಮತ್ತ ಯಾಕ ಬರೀತಿ?”

“ರೂಢಿ ಆಯಿ. ಬಿಡವಲ್ದು.”

ಇನ್ನೊಂದು ರೂಢಿ, ಬೆಳಿಗ್ಗೆ ಎಂಟಕ್ಕೆ ಏಳುವುದು. ಎದ್ದು, ಮಿಂದು, ಬಸ್ಸು ಹಿಡಿದು ಹಳ್ಳಿ ಮುಟ್ಟುವಷ್ಟರಲ್ಲಿ ಕುರಿ ಮೇಯಲು ಹೋಗಿರುತ್ತಿದ್ದವು. ಊರಲ್ಲಿ ಸಿಗುತ್ತಿದ್ದವರು ಕುರಿ ಇಲ್ಲದ ಕುರಿಗಾರರು. ಅವರನ್ನೇ ಕಟ್ಟೆಯ ಮೇಲೆ ಕೂರಿಸಿಕೊಂಡು ಮಾತಾಡಿಸಿ ಬರುತ್ತಿದ್ದಳು.

ನಾನು ಹೋದ ಎರಡನೆಯ ವಾರ ಕೆಲಸ ಕೆಟ್ಟಿತು. ಮೂಡಲಗಿ ಬದಿಯ ಒಂದು ಹಳ್ಳಿಯಲ್ಲಿ ಕುರಿಗಳಿಗೆ ಹಿರೇಬೇನೆಯ ಸೂಜಿ ಹಾಕುವುದಿತ್ತು. ಆ ಬೇನೆ ಬಂದರೆ ಕುರಿ ಮೂಗು ಸುರಿಸಿ, ಉಚ್ಚಿ ಉಚ್ಚಿ ಸಾಯುತ್ತವೆ. ಅದರ ಔಷಧ ಬರ್ಫದ ಪೆಟ್ಟಿಗೆಯಲ್ಲಿ ಬರುತ್ತದೆ. ಬಾಟಲಿ ಒಡೆದು ನೀರು ಬೆರೆಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಅದಕ್ಕೇ ಎಷ್ಟು ಕುರಿ ಇವೆ ಎಂದು ಮೊದಲೇ ಬರೆದುಕೊಟ್ಟರೆ ಅಷ್ಟೇ ಔಷಧ ಕೊಡುತ್ತಾರೆ. ಇವಳು ಬರೆದುಕೊಟ್ಟದ್ದು ನೂರಾ ಐವತ್ತು. ಆ ದಿನ ಬಂದು ನಿಂತ ಕುರಿ ಆರುನೂರರ ಮೇಲೆ. ಎರಡು ಹಿಂಡಿಗೆ ಔಷಧ ತೀರಿತು. ಉಳಿದವರು ಮೇಯಿಸುವುದು ಬಿಟ್ಟು ಬೆಳಗಿನಿಂದ ಕುರಿ ತರುಬಿಕೊಂಡು ನಿಂತಿದ್ದರು. ಉಪವಾಸದ ಕುರಿಗಳನ್ನು ಹೊಡೆದುಕೊಂಡು ಬೈಯುತ್ತಾ ಹೋದರು.

ಅವಳ ಮೇಲಿನ ಸಾಹೇಬರು ಅಲ್ಲಿಯೇ ಎಲ್ಲರ ಎದುರು ಅಂದರಂತೆ: “ಕಾಗದದಾಗ ಕುರಿ ಕಾಯ್ದವರಿಗೆ ಇದು ಆಗೂದಲ್ಲ ಬಿಡ್ರಿ. ಇನ್ನೊಂದ ಕ್ಯಾಂಪ್ ಐತಿ. ಅದೂ ಹಿಂಗಾದ್ರ ನೀವು ಬೀದರಕ್ಕ ಹೊಳ್ಳಿ ಹೋಗೂದ ಚಲೋ.”

ಖೋಲಿಗೆ ಬಂದು ಅದನ್ನು ಹೇಳಿ, ತಟ್ಟೆಯಲ್ಲಿನ ರೊಟ್ಟಿ ಮುರಿಯುತ್ತಾ ಕೂತಳು. ಬೀದರದ ಸರ್ ಕೂಡ ಫೋನು ಮಾಡಿದ್ದರಂತೆ. ಅಲ್ಲಿ ಇನ್ನೂ ಮುಂದೆ ಓದಲು ಒಂದು ಜಾಗ ಖಾಲಿ ಇದೆ, ಈ ತಿಂಗಳೊಳಗೆ ಹೇಳು ಎಂದಿದ್ದರಂತೆ.

“ಹೋಗ್ತೇನಿ ಆಯಿ. ಅಲ್ಲಿ ನನಗ ಬರ್ತಿತ್ತು. ಇಲ್ಲಿ ಏನೂ ಬರವಲ್ದು.”

“ಹೋಗವಂತಿ. ಮೊದಲ ಇದನ್ನ ಹೇಳ. ನೂರಾ ಐವತ್ತ ಅಂತ ನಿನಗ್ಯಾರ ಹೇಳಿದ್ರು?”

“ಅವರ ಹೇಳಿದ್ರು. ಏಳೂ ಮನಿಯವರನ್ನ ಒಬ್ಬೊಬ್ಬರನ್ನ ಕೇಳಿ ಬರಕೊಂಡೇನಿ.”

ವಹಿ ತೆರೆದು ತೋರಿಸಿದಳು. ನಾನು ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು, ಅಂಕಿ ಓದಲು ಬರುತ್ತದೆ. ಇಪ್ಪತ್ತು, ಇಪ್ಪತ್ತು, ಇಪ್ಪತ್ತೈದು, ಇಪ್ಪತ್ತು, ಇಪ್ಪತ್ತು, ಇಪ್ಪತ್ತೈದು, ಇಪ್ಪತ್ತು. ನನಗೆ ನಗು ಬಂತು. ಅವಳಿಗೆ ಸಿಟ್ಟು ಬಂತು.

“ಕುರಿಗಾರನ ಮುಂದ ನಿಂತು ನಿನ್ನವು ಎಷ್ಟ ಕುರಿ ಅದಾವ ಅಂತ ಕೇಳಿದೇನ?”

“ಮತ್ತ ಹೆಂಗ ಕೇಳಬೇಕು?”

“ಕೇಳಬಾರದು.”

ನಮ್ಮ ಅಪ್ಪ ಒಂದು ದಿನವೂ ಬಾಯಿ ಬಿಟ್ಟು ಎಣಿಕೆ ಹೇಳಿದವನಲ್ಲ. ಎಣಿಸಿ ಹೇಳಿದರೆ ಹಿಂಡು ಕರಗುತ್ತದೆ ಎಂಬುದು ಕುರಿಗಾರರ ನಂಬಿಕೆ. ಸಂಜೆ ಹಿಂಡು ಬಂದಾಗ ಅವ್ವ ದಾರಿಯ ಬದಿಗೆ ನಿಂತು ಒಂದೊಂದರ ಮೋರೆ ನೋಡುತ್ತಿದ್ದಳು. ಚುಕ್ಕಿ ಕಿವಿಯದು ಬಂದಿಲ್ಲ, ಕುಂಟಿ ಬಂದಿಲ್ಲ, ಎನ್ನುತ್ತಿದ್ದಳು. ಎರಡು ಕಡಿಮೆ ಎನ್ನುತ್ತಿರಲಿಲ್ಲ. ಪರವೂರಿನವರು ಕೇಳಿದರೆ, ದೊಡ್ಡವರು ಕೇಳಿದರೆ, ಹೇಳುವುದಿಲ್ಲ ಎಂದು ಮೋರೆ ಮುರಿಯಬಾರದೆಂದು ಒಂದಿಪ್ಪತ್ತು ಇವೆ ಎಂದುಬಿಡುತ್ತಿದ್ದರು. ಇನ್ನೂರು ಇದ್ದರೂ ಅದೇ, ಮೂವತ್ತು ಇದ್ದರೂ ಅದೇ. ನಿಜವಾಗಿ ಎಣಿಸಿದರೆ ಕರಗುತ್ತವೆಯೇ ಎಂದು ಯಾರೂ ಪರೀಕ್ಷೆ ಮಾಡಲಿಲ್ಲ. ನಮ್ಮ ಘೋಡಗೇರಿಯ ಕುರಿ ಎಣಿಸದೆಯೂ ಹೋದವು.

ಮೊಮ್ಮಗಳು ವಹಿ ಮುಚ್ಚಿದಳು. “ಇದನ್ನ ಯಾವ ಪುಸ್ತಕದಾಗೂ ಬರದಿಲ್ಲಲ್ಲ ಆಯಿ.”

“ಬರದವರೂ ನಿನ್ನಂಗ ಹೋಗಿ ಕೇಳಿರಬೇಕು.”

ಎರಡನೆಯ ಕ್ಯಾಂಪು ನಮ್ಮ ಘೋಡಗೇರಿಯ ಮಗ್ಗುಲಲ್ಲೇ ಬಿತ್ತು. ಸುಗ್ಗಿ ಮುಗಿದ ಮೇಲೆ ಮೂಡಲಗಿಯ ಕುರಿಗಾರರು ಹೊಳೆ ದಾಟಿ ಹುಕ್ಕೇರಿ ಕಡೆ ಬರುತ್ತಾರೆ. ರಾತ್ರಿ ಖಾಲಿ ಹೊಲದಲ್ಲಿ ಕುರಿ ಕೂಡಿಸುತ್ತಾರೆ. ಹಿಕ್ಕೆ, ಗಂಜಳ ಬಿದ್ದು ಹೊಲ ಹದವಾಗುತ್ತದೆಂದು ಹೊಲದವರು ಅವರಿಗೆ ಜೋಳ ಕೊಡುತ್ತಾರೆ. ಅಣ್ಣತಮ್ಮಂದಿರದು ಒಂದೇ ದೊಡ್ಡ ಹಿಂಡು ಬಂದಿತ್ತು. ಅದಕ್ಕೆ ಸೂಜಿ ಹಾಕುವುದು. ಎಷ್ಟು ಔಷಧ ಬೇಕು ಎಂದು ಇವಳು ಮೂರು ದಿನದಲ್ಲಿ ಬರೆದುಕೊಡಬೇಕಿತ್ತು.

ನಾನೂ ಅವಳೊಂದಿಗೆ ಊರಿಗೆ ಬಂದೆ. ಹೇಗೆ ಕೇಳುವುದು ಎಂದು ದಾರಿಯಲ್ಲಿ ಹೇಳಿಕೊಟ್ಟೆ. ಹಿಂಡಿನ ಸುತ್ತ ಗೂಟ ನೆಟ್ಟು ಬಲೆ ಕಟ್ಟುತ್ತಾರಲ್ಲ, ಎಷ್ಟು ಬಲೆ ಕಟ್ಟುತ್ತೀರಿ ಎಂದು ಕೇಳಬೇಕು. ಬಲೆಯ ಎಣಿಕೆ ಹೇಳಲು ಯಾರೂ ಅಂಜುವುದಿಲ್ಲ. ನಮ್ಮ ಕಾಲದಲ್ಲಿ ಆರು ಬಲೆ ಎಂದರೆ ನೂರು ಕುರಿ.

ಸಂಜೆ ಹೊಲಕ್ಕೆ ಹೋದಾಗ ಹಿಂಡು ಇನ್ನೂ ಬಂದಿರಲಿಲ್ಲ. ಹಿಂಡಿನ ಹಿರಿಯ ಗೂಟ ಬಡಿಯುತ್ತಿದ್ದ, ಅವನ ಸೊಸೆ ಒಲೆ ಹೂಡುತ್ತಿದ್ದಳು. ನಾನೇ ಕೇಳಿದೆ.

“ಎಷ್ಟ ಬಲಿ ಕಟ್ಟತೀರಿ ಯಜಮಾನರ?”

“ಆರ್ರಿ ಯವ್ವಾರ.”

ನಾನು ಮೊಮ್ಮಗಳ ಮೋರೆ ನೋಡಿದೆ. ಅವಳು ನೂರು ಎಂದು ಬರೆದುಕೊಂಡಳು. ಕೆಲಸ ಮುಗಿಯಿತು ಎಂದು ನಾನು ಅವನ ಸೊಸೆಯೊಂದಿಗೆ ಮಾತಿಗೆ ಕೂತೆ. ಅವಳ ತವರು ನನ್ನ ತವರಿನ ಬಾಜೂ ಊರು. ಮೊಮ್ಮಗಳು ಮಾತ್ರ ಬಲೆಯ ಗುಂಟ ನಡೆದಳು, ಹೊರಳಿ ನಡೆದಳು, ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಕೇಳಿದಳು.

“ಆಯಿ, ನಿಮ್ಮ ಬಲಿ ಎಷ್ಟ ಉದ್ದ ಇರ್ತಿತ್ತು?”

“ಹತ್ತ ಮೊಳ. ಮನ್ಯಾಗ ಪುಂಡಿ ನಾರಿಲೆ ಹೆಣೀತಿದ್ರು.”

“ಇದು ಪ್ಯಾಟ್ಯಾಗಿನ ನಾಯಲಾನ ಬಲಿ. ಒಂದೊಂದು ಹದಿನೈದ ಹೆಜ್ಜಿ ಐತಿ.”

ಹದಿನೈದು ಹೆಜ್ಜೆ ಎಂದರೆ ನಮ್ಮ ಬಲೆಯ ಎರಡರಷ್ಟಕ್ಕೂ ಹೆಚ್ಚು. ಹಾಗಾದರೆ ಇನ್ನೂರು ಬರೆ ಎಂದೆ. ಅಲ್ಲ ಎಂದಳು. ಉದ್ದ ಎರಡು ಪಟ್ಟಾದರೆ ಒಳಗಿನ ಜಾಗ ನಾಲ್ಕು ಪಟ್ಟಾಗುತ್ತದೆ ಎಂದಳು. ನಾನು ನಂಬಲಿಲ್ಲ. ಮನೆಗೆ ಹೋದ ಮೇಲೆ ಹಿತ್ತಲಲ್ಲಿ ಕುಳ್ಳು ತಂದು ಇಟ್ಟು ತೋರಿಸಿದಳು. ಒಂದು ಕುಳ್ಳಿನ ಬದಿಗೆ ಒಂದು ಇಟ್ಟಳು, ಈಗ ಉದ್ದ ಎರಡಾಯಿತು. ಅಗಲವೂ ಎರಡಾಗಬೇಕಲ್ಲ ಎಂದು ಕೆಳಗೆ ಮತ್ತೆರಡು ಇಟ್ಟಳು. ನಾಲ್ಕು. ಮೂರು ಮೂರು ಇಟ್ಟರೆ ಒಂಬತ್ತು. ನಾನೇ ಇಟ್ಟು ನೋಡಿದೆ, ನಾಲ್ಕು ನಾಲ್ಕು ಇಟ್ಟೆ, ಹದಿನಾರು ಆಯಿತು. ಇಷ್ಟು ವರ್ಷ ಕುಳ್ಳು ತಟ್ಟಿ ಒಟ್ಟಿದರೂ ಇದು ನನ್ನ ಲಕ್ಷ್ಯಕ್ಕೆ ಬಂದಿರಲಿಲ್ಲ. ನನ್ನ ಸೊಸೆ ಬಂದು, ಒಲೆಗೆ ಕುಳ್ಳು ಬೇಕು, ಆಟ ಮುಗಿಯಿತೇ ಎಂದು ಕೇಳಿದಳು.

ನನ್ನ ಮಾತು ನಂಬಿ ಔಷಧ ತಂದಿದ್ದರೆ ಅವಳ ನೌಕರಿ ಆ ಹೊಲದಲ್ಲೇ ಮುಗಿಯುತ್ತಿತ್ತು. ಹಾಗೆಂದು ಅವಳಿಗೆ ಹೇಳಿದೆ. ಜಾಗ ಗೊತ್ತಾದರೂ ಒಂದು ಕುರಿಗೆ ಎಷ್ಟು ಜಾಗ ಬೇಕು ಎಂಬುದು ಅವಳಿಗೂ ಗೊತ್ತಿರಲಿಲ್ಲ. ನಾಳೆ ಎಷ್ಟಕ್ಕೆ ಹಿಂಡು ಏಳುತ್ತದೆ ಎಂದು ಕೇಳಿದಳು. ಹೊತ್ತು ಏರಿದ ಮೇಲೆ ಬಿಡುತ್ತಾರೆ, ಇಬ್ಬನಿ ಆರಬೇಕು, ಎಂದೆ.

ಮರುದಿನ ನಾನು ಎಬ್ಬಿಸದೆ ಎದ್ದಳು. ನಾವು ಹೋಗುವುದಕ್ಕೂ ಅವರು ಹಿಂಡು ಬಿಡುವುದಕ್ಕೂ ಸರಿಹೋಯಿತು. ಹಿಂಡು ದಾಟಿದ ಮೇಲೆ ಬಲೆಯೊಳಗಿನ ಖಾಲಿ ಹಟ್ಟಿಗೆ ಹೋಗಿ ಹಿಕ್ಕೆ ಆರಿಸತೊಡಗಿದಳು. ಹುಳದ ತತ್ತಿ ನೋಡಬೇಕಂತೆ. ಚೀಟಿ ಅಂಟಿಸಿದ ಸಣ್ಣ ಚೀಲಗಳನ್ನು ಜೊತೆಗೆ ತಂದಿದ್ದಳು. ಬಲೆ ಬಿಚ್ಚುತ್ತಿದ್ದ ಹಿರಿಯನ ಸೊಸೆ ನೋಡಿ ನಿಂತಳು.

“ಯವ್ವಾರ, ನಿಮ್ಮ ಮೊಮ್ಮಗಳು ಭಾಳ ಕಲತಾಳ ಅಂದ್ರಲ್ರಿ?”

“ಹೌದವಾ.”

“ಇದಕ್ಕೇನ್ರಿ ಕಲಿಸಿದ್ದು? ನಮಗ ಹೇಳಿದ್ರ ಒಂದ ಬುಟ್ಟಿ ತುಂಬಿ ಕೊಡತಿದ್ವಿ.”

ಮೊಮ್ಮಗಳಿಗೂ ನಗು ಬಂತು. ನಗುತ್ತಾ ಕೂತವಳು ಹಾಗೆಯೇ ಬಾಗಿ ನೆಲ ನೋಡಿದಳು. ಆಮೇಲೆ ನನ್ನನ್ನು ಕರೆದಳು. ನೇಗಿಲು ಹೊಡೆದ ಮೆತ್ತನೆಯ ಮಣ್ಣು ಅದು. ಕುರಿ ಮಲಗಿದ್ದಲ್ಲಿ ಮಣ್ಣು ಒತ್ತಿ ಮೊರದಷ್ಟು ತಗ್ಗು ಬಿದ್ದಿತ್ತು. ಪ್ರತಿ ತಗ್ಗಿನ ಹಿಂದೆ ಒಂದು ಹಿಡಿ ಹಿಕ್ಕೆ. ಒಂದು ಕುರಿ, ಒಂದು ತಗ್ಗು.

“ಇದನ್ನ ಎಣಿಸಬಹುದೇನ ಆಯಿ? ಇದು ಕುರಿ ಅಲ್ಲಲ್ಲ.”

ನನಗೂ ಗೊತ್ತಿರಲಿಲ್ಲ. ಅಪ್ಪನ ಕಾಲದಲ್ಲಿ ಕುರಿ ಎದ್ದುಹೋದ ಜಾಗವನ್ನು ಯಾರೂ ಎಣಿಸಿರಲಿಲ್ಲ, ಹಾಗಾಗಿ ಬೇಡವೆಂದೂ ಹೇಳಿರಲಿಲ್ಲ. ಮಂದಿಯ ಎದುರು ಬಾಯಿ ಬಿಟ್ಟು ಎಣಿಸಬೇಡ ಎಂದಷ್ಟೇ ಹೇಳಿದೆ.

ನಾಲ್ಕು ಹೆಜ್ಜೆ ಉದ್ದ, ನಾಲ್ಕು ಹೆಜ್ಜೆ ಅಗಲಕ್ಕೆ ಹಗ್ಗ ಹಾಸಿ ಒಳಗಿನ ತಗ್ಗು ನೋಡಿದಳು. ನಡುವೆ ಹದಿಮೂರು, ಬಲೆಯ ಬದಿಗೆ ಒಂಬತ್ತು, ಇನ್ನೊಂದು ಕಡೆ ಹನ್ನೊಂದು. ಇಡೀ ಹಟ್ಟಿ ಇಪ್ಪತ್ತೆರಡು ಹೆಜ್ಜೆ ಉದ್ದ, ಇಪ್ಪತ್ಮೂರು ಹೆಜ್ಜೆ ಅಗಲ. ಬದುವಿನ ಮೇಲೆ ಕೂತು, ಸರಾಸರಿ ಹನ್ನೊಂದು ಹಿಡಿದು ಲೆಕ್ಕ ಹಾಕಿದಳು. ಮೂರುನೂರ ಐವತ್ತಕ್ಕೆ ಎರಡು ಕಡಿಮೆ ಬಂತು. ನಾನು ನೂರು ಎಂದಿದ್ದೆ.

ಅಷ್ಟಾದರೂ ಅವಳಿಗೆ ಧೈರ್ಯ ಸಾಲಲಿಲ್ಲ. ತಪ್ಪಿದ್ದರೆ? ಬೀದರದಲ್ಲಾಗಿದ್ದರೆ ಸರ್‌ಗೆ ತೋರಿಸುತ್ತಿದ್ದಳು. ಇಲ್ಲಿ ತಪ್ಪು ಸರಿ ಹೇಳುವವನು ಒಬ್ಬನೇ, ಹಿಂಡಿನ ಹಿರಿಯ. ಅವನನ್ನು ಕೇಳುವ ಹಾಗಿಲ್ಲ. ಅವನು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟಿದ್ದ. ಇವಳು ಎದ್ದು ಅವನ ಎದುರಿಗೆ ಹೋದಳು. ನಾನು ಹೇಳಿಕೊಟ್ಟದ್ದಲ್ಲ, ಅವಳೇ ಹೇಗೋ ಯೋಚಿಸಿದ್ದಳು.

“ಕಾಕಾರ, ನಾನು ಮೂರನೂರಾ ಐವತ್ತು ಸೂಜಿ ಆಗೂವಷ್ಟು ಔಷಧ ತರಾಕತ್ತೇನ್ರಿ. ಸಾಲತೈತೋ ಇಲ್ಲೋ, ಅಷ್ಟ ಹೇಳ್ರಿ.”

ಅವನು ಅವಳನ್ನು ನೋಡಿದ. ಖಾಲಿ ಹಟ್ಟಿ ನೋಡಿದ. ಹಗ್ಗ ಇನ್ನೂ ಅಲ್ಲೇ ಬಿದ್ದಿತ್ತು.

“ಸಾಲತೈತ್ರಿ ಡಾಕ್ಟರ್ ಬಾಯಾರ.” ನಾಲ್ಕು ಹೆಜ್ಜೆ ಹೋಗಿ ನಿಂತು ಮತ್ತೆ ಹೇಳಿದ. “ಒಂದೀಟ ಉಳೀತೈತಿ. ಉಳಿದ್ರ ಉಳೀಲಿ, ತರ್ರಿ.”

ಕ್ಯಾಂಪಿನ ದಿನ ಸಾಹೇಬರು ಬಂದು ಗಿಡದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತರು. ಬಲೆಯ ಬಾಯಿಯಲ್ಲಿ ಒಂದೊಂದೇ ಕುರಿ ಹಿಡಿದು ಕೊಟ್ಟರು, ಇವಳು ಸೂಜಿ ಹಾಕಿದಳು. ಅವಳ ಕೈ ಇಷ್ಟು ಚುರುಕು ಎಂದು ನಾನು ಅದೇ ಮೊದಲು ನೋಡಿದ್ದು. ಹಿಂಡು ಮುಗಿದ ಮೇಲೆ ಸ್ವಲ್ಪ ಔಷಧ ಉಳಿಯಿತು. ನಮ್ಮ ಎರಡು ಆಡು, ನೆರೆಮನೆಯವರ ಆಡು ಹಿಡಿದು ತಂದರು, ಅವಕ್ಕೂ ಆಯಿತು. ಬಾಟಲಿ ಖಾಲಿ. ಸಾಹೇಬರು ವಹಿ ತರಿಸಿ ನೋಡಿದರು.

“ಇದೇನ್ರಿ, ಹನ್ನೊಂದ ತಗ್ಗು ಅಂತ ಬರದೀರಿ?”

ಅವಳು ಹೇಳಿದಳು. ಅವರು ಎದ್ದುಹೋಗಿ ಹಟ್ಟಿಯ ನೆಲ ನೋಡಿ ಬಂದರು. ಶಾಬಾಸ್ ಅನ್ನಲಿಲ್ಲ. “ಯಮಕನಮರಡಿ ಕಡೆ ಇನ್ನ ನಾಲ್ಕ ಹಿಂಡ ಅದಾವು. ಅವುನೂ ನೀವ ಬರಕೊಂಡ ಬರ್ರಿ” ಎಂದರು. ಕಾಯಂ ಮಾಡುವ ಮಾತು ಆಡಲಿಲ್ಲ. ಬೀದರದ ಮಾತನ್ನೂ ಎತ್ತಲಿಲ್ಲ.

ಆ ನಾಲ್ಕು ಹಿಂಡುಗಳಿಗೂ ನಾನು ಜೊತೆಗೆ ಹೋದೆ. ಎರಡು ಕಡೆ ಲೆಕ್ಕ ಹೊಂದಿತು. ಒಂದು ಕಡೆ ಗಟ್ಟಿ ನೆಲ, ತಗ್ಗೇ ಬಿದ್ದಿರಲಿಲ್ಲ. ಹಿಕ್ಕೆಯ ಗುಂಪು ನೋಡಿ ಅಂದಾಜು ಮಾಡಿದಳು, ಮೂವತ್ತು ಸೂಜಿಯ ಔಷಧ ಕಡಿಮೆ ಬಿತ್ತು, ಸಾಹೇಬರಿಂದ ಬೈಸಿಕೊಂಡಳು. ಇನ್ನೊಂದು ಕಡೆ ಸಾಲುತ್ತದೆಯೇ ಎಂದು ಕೇಳಿದರೆ ಅಲ್ಲಿಯ ಕುರಿಗಾರ ನಕ್ಕು, “ಎರಡ ಪಟ್ಟು ತರ್ರಿ” ಎಂದ. ಹಿಂಡಿನ ಅರ್ಧ ಬೇರೆ ಹೊಲದಲ್ಲಿತ್ತು. ಬೈಸಿಕೊಂಡ ದಿನವೂ ಖೋಲಿಗೆ ಬಂದು ಎರಡು ರೊಟ್ಟಿ ತಿಂದಳು.

ತಿಂಗಳು ಮುಗಿಯುತ್ತ ಬಂತು. ಬೀದರಕ್ಕೆ ಹೇಳಲು ಇನ್ನು ಎರಡು ದಿನ ಉಳಿದಿದ್ದವು. ಅವಳು ಹೋಗುತ್ತಾಳೋ ಇರುತ್ತಾಳೋ ಎಂದು ನನಗೂ ತಿಳಿದುಕೊಳ್ಳುವ ಆಸೆ, ಆದರೆ ಕೇಳಲಿಲ್ಲ. ಜೋಳ ಹಸನು ಮಾಡುತ್ತಾ ಕೂತಿದ್ದೆ, ಅವಳೇ ಬಂದು ಕೂತಳು.

“ಆಯಿ, ಮಳಿಗಾಲದಾಗ ಕುರಿ ಹೆಂಗ ಮಲಗತಾವು?”

“ಕೆಸರಾಗ ಎಲ್ಲಿ ಮಲಗತಾವು. ಮಳಿ ಹತ್ತಿದ್ರ ಒಂದಕ್ಕೊಂದ ಆತುಕೊಂಡ ನಿಂತಿರ್ತಾವು.”

“ಇಡೀ ರಾತ್ರಿ?”

“ಮಳಿ ನಿಂದ್ರೂತನಕ.”

“ಮತ್ತ ತಗ್ಗ ಬೀಳಂಗಿಲ್ಲ. ಹಿಕ್ಕಿನೂ ತೊಳದ ಹೋಗತಾವು.” ಜೋಳದ ಮೊರ ತನ್ನ ಕಡೆಗೆ ಎಳೆದುಕೊಂಡಳು. “ಆವಾಗ ಹೆಂಗ ತಿಳಕೋಬೇಕು?”

ನೆನಪು ಮಾಡಿಕೊಂಡೆ. ಅಪ್ಪ ಕಂಬಳಿಯ ಕೊಪ್ಪೆ ಹಾಕಿಕೊಂಡು ಹಿಂಡಿನ ನಡುವೆ ನಿಂತಿರುತ್ತಿದ್ದ. ಅವನಿಗೆ ಹೇಗೆ ತಿಳಿಯುತ್ತಿತ್ತೋ, ನಾನು ಕೇಳಿರಲಿಲ್ಲ. ಗೊತ್ತಿಲ್ಲ ಎಂದೆ.

ಅವಳು ಅಲ್ಲಿಯೇ ಕೂತು ಬೀದರಕ್ಕೆ ಫೋನು ಹಚ್ಚಿದಳು. ಸರ್ ಜೊತೆ ಅವಳು ಆಡುವ ಮಾತು ಅರ್ಧ ಇಂಗ್ಲಿಷು, ನನಗೆ ತಿಳಿಯುವುದಿಲ್ಲ. ಕುರಿ ಎಂಬುದು ತಿಳಿಯಿತು, ಮಳೆ ಎಂಬುದು ತಿಳಿಯಿತು. ಈ ವರ್ಷ ಬರುವುದಿಲ್ಲ ಸರ್ ಎಂದದ್ದು ಚೆನ್ನಾಗಿ ಕೇಳಿಸಿತು. ಆ ಕಡೆಯಿಂದ ಅವರು ಬಹಳ ಹೊತ್ತು ಮಾತಾಡಿದರು. ಇವಳು ಹೂಂ ಸರ್, ಹೂಂ ಸರ್ ಎನ್ನುತ್ತಾ ಮೊರದಲ್ಲಿನ ಹರಳು ಆರಿಸಿ ಕೆಳಗೆ ಹಾಕುತ್ತಿದ್ದಳು.